ಐಪಿ ಹಾಕಿದರೆ ಮೇಲ್ ಬರುತ್ತದೆ, ಹೆಸರು ಹಾಕಿದರೆ ಬರುವುದಿಲ್ಲ

ಈ ಸಲ ಬಂದ ಪತ್ರಗಳಲ್ಲಿ ಇ-ಮೇಲ್ ತೊಂದರೆಗಳೇ ಜಾಸ್ತಿ. ಪಾಸ್‌ವರ್ಡ್ ಬದಲಾಯಿಸಿ ನೋಡಿದವರಿದ್ದಾರೆ. ಔಟ್‌ಲುಕ್ ತೆಗೆದು ಮತ್ತೆ ಹಾಕಿದವರಿದ್ದಾರೆ. ಒಬ್ಬರಂತೂ ವಿಂಡೋಸನ್ನೇ ಹೊಸದಾಗಿ ಹಾಕಿಸಿದ್ದಾರೆ. ಆದರೆ ಮೇಲ್ ಸರ್ವರ್‌ನ ಹೆಸರು ಕೊಟ್ಟರೆ ತಮ್ಮ ಕಂಪ್ಯೂಟರ್‌ಗೆ ಅದರ ವಿಳಾಸ ಸಿಗುತ್ತಿದೆಯಾ ಎಂದು ಪರೀಕ್ಷೆ ಮಾಡಿದವರು ಕಡಿಮೆ. ಎರಡು ನಿಮಿಷದ ಕೆಲಸ ಅದು. ಹಾಗಾಗಿ ಇವತ್ತಿನ ಪುಟ ಪೂರ್ತಿ ಅದಕ್ಕೇ ಮೀಸಲು.

ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ನಾನು ಹೇಳುವುದೆಲ್ಲ ವಿಂಡೋಸ್ ಕಂಪ್ಯೂಟರ್‌ಗೆ.

ಪ್ರಶ್ನೆ: ಮೇಡಂ, ಹಾವೇರಿಯಲ್ಲಿ ನಮ್ಮದು ಲೆಕ್ಕಪತ್ರ ನೋಡುವ ಆಫೀಸು. ಹನ್ನೆರಡು ಕಂಪ್ಯೂಟರ್ ಇವೆ, ಮೇಲ್ ಸರ್ವರ್ ಕೂಡ ಆಫೀಸಿನಲ್ಲೇ ಇದೆ. ಹೋದ ತಿಂಗಳು ಇಂಟರ್‌ನೆಟ್ ಲೈನ್ ಬದಲಾಯಿಸಿದೆವು, ಹೊಸ ರೂಟರ್ ಬಂತು. ಆಮೇಲೆ ಕೆಲವು ಕಂಪ್ಯೂಟರ್‌ಗಳಲ್ಲಿ ಔಟ್‌ಲುಕ್‌ಗೆ ಸರ್ವರ್ ಸಿಗುತ್ತಿಲ್ಲ. ಒಮ್ಮೊಮ್ಮೆ ತಾನಾಗಿಯೇ ಸರಿಹೋಗುತ್ತದೆ, ಮತ್ತೆ ಕೆಡುತ್ತದೆ. ಅದೇ ಮೇಲ್ ನನ್ನ ಮೊಬೈಲ್‌ನಲ್ಲಿ ಡೇಟಾ ಹಾಕಿದರೆ ಬರುತ್ತದೆ, ಆಫೀಸಿನ ವೈಫೈಗೆ ಬಂದರೆ ನಿಲ್ಲುತ್ತದೆ. ಸರ್ವೀಸ್‌ಗೆ ಬಂದ ಹುಡುಗ ಸರ್ವರ್ ಹೆಸರಿನ ಜಾಗದಲ್ಲಿ 192.168.1.10 ಎಂದು ಹಾಕಿ ಹೋದ. ಈಗ ಮೇಲ್ ಬರುತ್ತಿದೆ. ಆದರೆ ದಿನಾ ಸರ್ಟಿಫಿಕೇಟ್ ಬಗ್ಗೆ ಏನೋ ಎಚ್ಚರಿಕೆ ತೋರಿಸುತ್ತದೆ. ಹೀಗೇ ಬಿಡಬಹುದಾ?

ಉತ್ತರ: ಬಿಡಬೇಡಿ. ಆದರೆ ಆ ಹುಡುಗ ಗೊತ್ತಿಲ್ಲದೆಯೇ ನಿಮಗೆ ಒಂದು ಒಳ್ಳೆಯ ಪರೀಕ್ಷೆ ಮಾಡಿಕೊಟ್ಟಿದ್ದಾನೆ. ಐಪಿ, ಅಂದರೆ ಸರ್ವರ್‌ನ ಅಂಕಿಯ ವಿಳಾಸ, ಹಾಕಿದರೆ ಮೇಲ್ ಬರುತ್ತದೆ ಎಂದರೆ ಸರ್ವರ್ ಚೆನ್ನಾಗಿದೆ, ಕೇಬಲ್ ಚೆನ್ನಾಗಿದೆ, ನಿಮ್ಮ ಪಾಸ್‌ವರ್ಡ್ ಸರಿಯಿದೆ. ಕೆಟ್ಟಿರುವುದು ಒಂದೇ: ಹೆಸರಿನಿಂದ ವಿಳಾಸ ಹುಡುಕುವ ಕೆಲಸ. ಅದನ್ನು ಮಾಡುವುದು ಡಿಎನ್‌ಎಸ್.

ಈಗ ಕೈಕೊಡುತ್ತಿರುವ ಒಂದು ಕಂಪ್ಯೂಟರ್ ಮುಂದೆ ಕೂತುಕೊಳ್ಳಿ. ಸರಿಯಿರುವ ಕಂಪ್ಯೂಟರ್‌ನಲ್ಲಿ ಪರೀಕ್ಷೆ ಮಾಡಿ ಉಪಯೋಗವಿಲ್ಲ, ಯಾವುದು ದೂರುತ್ತಿದೆಯೋ ಅದರಲ್ಲೇ ಮಾಡಬೇಕು. ಔಟ್‌ಲುಕ್‌ನ ಅಕೌಂಟ್ ಸೆಟ್ಟಿಂಗ್ಸ್ ತೆರೆದು, ಮೊದಲು ಅಲ್ಲಿದ್ದ ಸರ್ವರ್ ಹೆಸರನ್ನು ಒಂದಕ್ಷರವೂ ಬಿಡದೆ ಬರೆದುಕೊಳ್ಳಿ. ನೆನಪಿನಿಂದ ಬರೆಯಬೇಡಿ. ಕೊನೆಯ ಡಾಟ್ ಇನ್ ಬದಲು ಡಾಟ್ ಕಾಮ್ ಎಂದು ಕೇಳಿ, ಬೇರೆಯವರ ಡೊಮೇನ್‌ನ ಉತ್ತರ ನೋಡಿ ತಲೆ ಕೆಡಿಸಿಕೊಂಡವರನ್ನು ನಾನು ನೋಡಿದ್ದೇನೆ.

ಕಮಾಂಡ್ ಪ್ರಾಂಪ್ಟ್ ತೆರೆದು ಪಿಂಗ್ ಎಂದು ಬರೆದು, ಜಾಗ ಬಿಟ್ಟು ಆ ಹೆಸರು ಕೊಡಿ. ಉತ್ತರ ಬರುತ್ತದೋ ಇಲ್ಲವೋ ಎನ್ನುವುದು ಈಗ ಮುಖ್ಯವಲ್ಲ. ಎಷ್ಟೋ ಸರ್ವರ್‌ಗಳು ಪಿಂಗ್‌ಗೆ ಉತ್ತರವನ್ನೇ ಕೊಡುವುದಿಲ್ಲ. ಮೊದಲ ಸಾಲಿನಲ್ಲಿ ಚೌಕ ಆವರಣದೊಳಗೆ ಯಾವ ವಿಳಾಸ ಬಂತು ನೋಡಿ. ಅಷ್ಟೇ ಬೇಕಿರುವುದು. ಆಮೇಲೆ ಎನ್‌ಎಸ್‌ಲುಕಪ್ ಎಂದು ಬರೆದು ಅದೇ ಹೆಸರು ಕೊಡಿ. ಇಲ್ಲಿ ಮೇಲಿನ ಎರಡು ಸಾಲು ಯಾರನ್ನು ಕೇಳಿದೆವು ಎಂದು ಹೇಳುತ್ತವೆ, ಕೆಳಗಿನ ಸಾಲುಗಳು ಏನು ಉತ್ತರ ಬಂತು ಎಂದು ಹೇಳುತ್ತವೆ. ಬಹಳ ಜನ ಕೆಳಗಿನದನ್ನು ಮಾತ್ರ ಓದುತ್ತಾರೆ. ನಿಮ್ಮ ಕೇಸಿನಲ್ಲಿ ಗುಟ್ಟು ಇರುವುದು ಮೇಲಿನ ಸಾಲಿನಲ್ಲಿ.

ನನ್ನ ಊಹೆ ಹೀಗಿದೆ. ನಿಮ್ಮ ಆಫೀಸಿನೊಳಗೆ ಒಂದು ಡಿಎನ್‌ಎಸ್ ಸರ್ವರ್ ಇದೆ, ಬಹುಶಃ ಆ ಮೇಲ್ ಸರ್ವರ್ ಇರುವ ಪೆಟ್ಟಿಗೆಯಲ್ಲೇ. ಅದನ್ನು ಕೇಳಿದರೆ 192.168.1.10 ಎಂಬ ಒಳಗಿನ ವಿಳಾಸ ಹೇಳುತ್ತದೆ. ಹೊರಗಿನ ಡಿಎನ್‌ಎಸ್ ಅನ್ನು ಕೇಳಿದರೆ ಇಂಟರ್‌ನೆಟ್ ಕಂಪನಿ ಕೊಟ್ಟಿರುವ ಹೊರಗಿನ ವಿಳಾಸ ಹೇಳುತ್ತದೆ. ಎರಡೂ ಸುಳ್ಳಲ್ಲ. ಮನೆಯಿಂದ ಮೇಲ್ ನೋಡುವವರಿಗೆ ಹೊರಗಿನದು ಬೇಕು, ಆಫೀಸಿನಲ್ಲಿ ಕೂತವರಿಗೆ ಒಳಗಿನದು ಬೇಕು. ಹಳೆಯ ರೂಟರ್ ಎಲ್ಲ ಕಂಪ್ಯೂಟರ್‌ಗಳಿಗೂ 'ಒಳಗಿನ ಡಿಎನ್‌ಎಸ್ ಅನ್ನು ಕೇಳಿ' ಎಂದು ಹೇಳಿಕೊಡುತ್ತಿತ್ತು. ಹೊಸ ರೂಟರ್‌ಗೆ ಆ ವಿಷಯ ಯಾರೂ ಹೇಳಿಲ್ಲ. ಅದು ತನ್ನನ್ನೋ ಇಂಟರ್‌ನೆಟ್ ಕಂಪನಿಯ ಡಿಎನ್‌ಎಸ್ ಅನ್ನೋ ಕೇಳಿ ಎನ್ನುತ್ತಿದೆ. ಹಾಗಾಗಿ ಆಫೀಸಿನೊಳಗಿನ ಕಂಪ್ಯೂಟರ್‌ಗೆ ಹೊರಗಿನ ವಿಳಾಸ ಸಿಗುತ್ತಿದೆ. ಒಳಗಿನಿಂದ ಹೊರಟು, ರೂಟರ್‌ನ ಹೊರಮುಖ ಮುಟ್ಟಿ, ಮತ್ತೆ ಒಳಗೆ ತಿರುಗಿ ಬರಬೇಕು. ಹೀಗೆ ತಿರುಗಿಸಿ ಕಳಿಸುವುದು ಕೆಲವು ರೂಟರ್‌ಗಳಿಗೆ ಬರುವುದಿಲ್ಲ, ಇನ್ನು ಕೆಲವದರಲ್ಲಿ ಆ ಸೆಟ್ಟಿಂಗ್ ಆಫ್ ಆಗಿರುತ್ತದೆ. ಮೊಬೈಲ್ ಡೇಟಾ ನಿಜವಾಗಿಯೂ ಹೊರಗಿನಿಂದ ಬರುತ್ತದೆ, ಅದಕ್ಕೇ ಅಲ್ಲಿ ತೊಂದರೆ ಇಲ್ಲ.

ಇದನ್ನು ಸಾಬೀತು ಮಾಡಲು ಎನ್‌ಎಸ್‌ಲುಕಪ್‌ನಲ್ಲಿ ಹೆಸರು ಬರೆದಾದ ಮೇಲೆ ಜಾಗ ಬಿಟ್ಟು ಯಾರನ್ನು ಕೇಳಬೇಕು ಎಂದೂ ಬರೆಯಬಹುದು. ಒಮ್ಮೆ ಒಳಗಿನ ಡಿಎನ್‌ಎಸ್‌ನ ಐಪಿ ಕೊಟ್ಟು ಕೇಳಿ. ಇನ್ನೊಮ್ಮೆ 8.8.8.8 ಕೊಟ್ಟು ಕೇಳಿ, ಅದು ಗೂಗಲ್ 2009ರಲ್ಲಿ ಎಲ್ಲರಿಗೂ ತೆರೆದ ಡಿಎನ್‌ಎಸ್. ಎರಡು ಉತ್ತರ ಪಕ್ಕಪಕ್ಕ ಇಟ್ಟರೆ ನಿಮಗೇ ಗೊತ್ತಾಗುತ್ತದೆ.

ಇನ್ನು 'ಒಮ್ಮೊಮ್ಮೆ ತಾನಾಗಿಯೇ ಸರಿಹೋಗುತ್ತದೆ' ಎಂದಿರಲ್ಲ, ಅದು ನನಗೆ ತುಂಬ ಪರಿಚಯದ ದೂರು. ಐಪಿಕಾನ್ಫಿಗ್ ಸ್ಲಾಶ್ ಆಲ್ ಎಂದು ಕೊಟ್ಟು 'ಡಿಎನ್‌ಎಸ್ ಸರ್ವರ್ಸ್' ಎಂಬ ಸಾಲು ನೋಡಿ. ಅಲ್ಲಿ ಎರಡು ವಿಳಾಸ ಇದ್ದರೆ, ಒಂದು ಒಳಗಿನದು ಒಂದು ಹೊರಗಿನದು ಆಗಿದ್ದರೆ, ಕಳ್ಳ ಸಿಕ್ಕ. ಒಳಗಿನದು ಕೆಟ್ಟರೆ ಹೊರಗಿನದು ಇರಲಿ ಎಂದು ಯಾರೋ ಒಳ್ಳೆಯ ಮನಸ್ಸಿನಿಂದಲೇ ಹಾಕಿರುತ್ತಾರೆ. ಆದರೆ ಕಂಪ್ಯೂಟರ್ ಎರಡನೆಯದನ್ನು ಹಾಗೆ ಬಳಸುವುದಿಲ್ಲ. ಮೊದಲನೆಯದು 'ಆ ಹೆಸರಿಲ್ಲ' ಎಂದರೆ ಅದನ್ನೇ ನಂಬುತ್ತದೆ, ಎರಡನೆಯದನ್ನು ಕೇಳುವುದೇ ಇಲ್ಲ. ಮೊದಲನೆಯದು ಸ್ವಲ್ಪ ತಡ ಮಾಡಿದರೆ ಸಾಕು, ಎರಡನೆಯದನ್ನು ಕೇಳಿ ಅದು ಹೇಳಿದ ಹೊರಗಿನ ವಿಳಾಸವನ್ನು ನೆನಪಿಟ್ಟುಕೊಂಡುಬಿಡುತ್ತದೆ. ಆ ನೆನಪು ಇರುವಷ್ಟು ಹೊತ್ತು ಮೇಲ್ ಇಲ್ಲ. ನೆನಪಿನ ಅವಧಿ ಮುಗಿದು ಮತ್ತೆ ಕೇಳಿದಾಗ ಒಳಗಿನದು ಉತ್ತರಿಸಿದರೆ ಮೇಲ್ ಬಂತು! ಎರಡು ಡಿಎನ್‌ಎಸ್ ಹಾಕುವುದಾದರೆ ಎರಡೂ ಒಂದೇ ಉತ್ತರ ಹೇಳುವಂಥವು ಆಗಿರಬೇಕು. ಎರಡನೆಯ ಒಳಗಿನ ಡಿಎನ್‌ಎಸ್ ಇಲ್ಲದಿದ್ದರೆ ಒಂದೇ ಇರಲಿ.

ಪರಿಹಾರ ಹನ್ನೆರಡು ಕಂಪ್ಯೂಟರ್‌ಗಳಲ್ಲಿಲ್ಲ, ಒಂದೇ ಜಾಗದಲ್ಲಿದೆ. ರೂಟರ್‌ನ ಡಿಎಚ್‌ಸಿಪಿ (ಕಂಪ್ಯೂಟರ್‌ಗಳಿಗೆ ವಿಳಾಸ ಹಂಚುವ) ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ಎಂಬ ಕಡೆ ಒಳಗಿನ ಸರ್ವರ್‌ನ ವಿಳಾಸ ಹಾಕಿಸಿ. ಕೆಲವು ಕಂಪ್ಯೂಟರ್‌ಗಳು ಮಾತ್ರ ಕೈಕೊಡುತ್ತಿವೆ ಎಂದರೆ ಉಳಿದವುಗಳಲ್ಲಿ ಡಿಎನ್‌ಎಸ್ ಅನ್ನು ಕೈಯಿಂದ ಬರೆದಿರಬಹುದು, ಅದನ್ನೂ ನೋಡಿ. ಆಮೇಲೆ ಪ್ರತಿ ಕಂಪ್ಯೂಟರ್ ಅನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ಆಫ್ ಮಾಡುವ ಹಾಗಿಲ್ಲದಿದ್ದರೆ ಐಪಿಕಾನ್ಫಿಗ್ ಸ್ಲಾಶ್ ರಿನ್ಯೂ ಕೊಟ್ಟು, ನಂತರ ಐಪಿಕಾನ್ಫಿಗ್ ಸ್ಲಾಶ್ ಫ್ಲಶ್‌ಡಿಎನ್‌ಎಸ್ ಕೊಡಿ. ಎರಡನೆಯದು ಹಳೆಯ ನೆನಪನ್ನು ಅಳಿಸುತ್ತದೆ.

ಕೊನೆಯ ಪರೀಕ್ಷೆ ಪವರ್‌ಶೆಲ್‌ನಲ್ಲಿ. ಟೆಸ್ಟ್-ನೆಟ್‌ಕನೆಕ್ಷನ್ ಎಂದು ಬರೆದು, ಸರ್ವರ್ ಹೆಸರು ಕೊಟ್ಟು, ಮೈನಸ್ ಪೋರ್ಟ್ 993 ಎಂದು ಸೇರಿಸಿ. 993 ಎಂದರೆ ಐಮ್ಯಾಪ್ ಮೂಲಕ ಮೇಲ್ ಓದುವ ಬಾಗಿಲು. ಕಳಿಸುವ ಬಾಗಿಲು 587 ಅಥವಾ 465. ಹೆಸರಿಗೆ ಯಾವ ವಿಳಾಸ ಸಿಕ್ಕಿತು, ಆ ಬಾಗಿಲು ತೆರೆದಿದೆಯಾ, ಎರಡನ್ನೂ ಒಟ್ಟಿಗೆ ಹೇಳುವ ಕಮಾಂಡ್ ಇದು. ಕೊನೆಯ ಸಾಲಿನಲ್ಲಿ ಟ್ರೂ ಬಂದರೆ ಸರಿ. ವಿಳಾಸ ಸರಿಯಿದ್ದು ಫಾಲ್ಸ್ ಬಂದರೆ ಹೆಸರಿನ ತಪ್ಪಿಲ್ಲ, ಫೈರ್‌ವಾಲ್ ಕಡೆ ತಿರುಗಿ.

ಐಪಿ ಏಕೆ ಬೇಡ ಅಂದೆ ಅಂದರೆ, ಸರ್ವರ್‌ನ ಸರ್ಟಿಫಿಕೇಟ್, ಅಂದರೆ ಅದರ ಗುರುತಿನ ಚೀಟಿ, ಹೆಸರಿನ ಮೇಲೆ ಬರೆದಿರುವಂಥದ್ದು. ನೀವು ಐಪಿ ಹಾಕಿ ಕರೆದರೆ ಔಟ್‌ಲುಕ್ 'ನಾನು ಕರೆದವರು ಇವರಲ್ಲ' ಎಂದು ಎಚ್ಚರಿಸುತ್ತದೆ. ನಿಮ್ಮ ಆಫೀಸಿನವರು ದಿನಾ 'ಎಸ್' ಒತ್ತಿ ಒತ್ತಿ ಅಭ್ಯಾಸ ಮಾಡಿಕೊಂಡರೆ, ನಿಜವಾಗಿಯೂ ಯಾರೋ ಮೋಸದ ಸರ್ವರ್ ಇಟ್ಟ ದಿನವೂ 'ಎಸ್' ಒತ್ತುತ್ತಾರೆ. ನೀವು ನೋಡುತ್ತಿರುವುದು ಬೇರೆಯವರ ಲೆಕ್ಕಪತ್ರ. ನನಗೆ ಭಯ ಇರುವುದು ಅಲ್ಲಿ. ಲ್ಯಾಪ್‌ಟಾಪ್ ಮನೆಗೆ ಒಯ್ಯುವವರಿಗೆ 192.168.1.10 ಅಲ್ಲಿ ಕೆಲಸಕ್ಕೂ ಬರುವುದಿಲ್ಲ.

ಒಂದು ವೇಳೆ ಎನ್‌ಎಸ್‌ಲುಕಪ್ ಸರಿಯಾದ ವಿಳಾಸ ಹೇಳಿ, ಪಿಂಗ್ ಮಾತ್ರ ಬೇರೆ ವಿಳಾಸ ತೋರಿಸಿದರೆ? ಆಗ ಹೋಸ್ಟ್ಸ್ ಫೈಲ್ ನೋಡಿ. ವಿಂಡೋಸ್ ಫೋಲ್ಡರ್‌ನಲ್ಲಿ ಸಿಸ್ಟಮ್32, ಅದರೊಳಗೆ ಡ್ರೈವರ್ಸ್, ಅದರೊಳಗೆ ಇಟಿಸಿ ಎಂಬ ಫೋಲ್ಡರ್‌ನಲ್ಲಿದೆ. ಪಿಂಗ್, ಔಟ್‌ಲುಕ್ ಎಲ್ಲ ಈ ಫೈಲಿನಲ್ಲಿ ಬರೆದದ್ದನ್ನು ಮೊದಲು ನಂಬುತ್ತವೆ. ಎನ್‌ಎಸ್‌ಲುಕಪ್ ಇದನ್ನು ನೋಡುವುದೇ ಇಲ್ಲ, ನೇರ ಡಿಎನ್‌ಎಸ್ ಅನ್ನು ಕೇಳುತ್ತದೆ. ನಾನು ಎಂಜಿನಿಯರಿಂಗ್ ಕಾಲೇಜೊಂದರ ಮೇಲ್ ಸರ್ವರ್ ನೋಡಿಕೊಳ್ಳುತ್ತಿದ್ದಾಗ ಪರೀಕ್ಷಾ ವಿಭಾಗದ ಒಂದೇ ಒಂದು ಕಂಪ್ಯೂಟರ್‌ಗೆ ಮೇಲ್ ಬರುತ್ತಿರಲಿಲ್ಲ. ಎನ್‌ಎಸ್‌ಲುಕಪ್ ಪಕ್ಕಾ ಸರಿಯಾಗಿತ್ತು. ಹೋಸ್ಟ್ಸ್ ಫೈಲ್ ತೆರೆದರೆ ಹಳೆಯ ಸರ್ವರ್‌ನ ಐಪಿ ಕೂತಿತ್ತು. ಆ ಸರ್ವರ್ ಗುಜರಿಗೆ ಹೋಗಿ ವರ್ಷಗಳಾಗಿದ್ದವು. ಅಂದು ಅವಸರಕ್ಕೆ ಬರೆದವರು ಕಾಲೇಜಿನಲ್ಲೇ ಇರಲಿಲ್ಲ. ಹೋಸ್ಟ್ಸ್ ಫೈಲಿನಲ್ಲಿ ಬರೆದದ್ದು ತಾನಾಗಿ ಅಳಿಯುವುದಿಲ್ಲ, ಅದಕ್ಕೆ ಅವಧಿ ಇಲ್ಲ.

ಆ ಫೈಲಿಗೆ ದೊಡ್ಡ ಇತಿಹಾಸವೇ ಇದೆ. ಡಿಎನ್‌ಎಸ್ ಬರುವ ಮೊದಲು ಅಮೆರಿಕದ ಅರ್ಪಾನೆಟ್ ಜಾಲದ ಎಲ್ಲ ಕಂಪ್ಯೂಟರ್‌ಗಳ ಹೆಸರೂ ಒಂದೇ ಹೋಸ್ಟ್ಸ್ ಫೈಲಿನಲ್ಲಿತ್ತು. ಕ್ಯಾಲಿಫೋರ್ನಿಯಾದ ಸ್ಟಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ಬರೆದಿಡುತ್ತಿತ್ತು, ಉಳಿದವರು ಅದರ ಪ್ರತಿ ತರಿಸಿಕೊಳ್ಳುತ್ತಿದ್ದರು. ಜಾಲ ಬೆಳೆದಂತೆ ಅದು ನಿಭಾಯಿಸಲಾರದಷ್ಟಾಯಿತು. 1983ರಲ್ಲಿ ಪಾಲ್ ಮೋಕಾಪೆಟ್ರಿಸ್ ಡಿಎನ್‌ಎಸ್ ರೂಪಿಸಿದ್ದು ಆ ಕಾರಣಕ್ಕೇ.

ಪ್ರಶ್ನೆ: ಎನ್‌ಎಸ್‌ಲುಕಪ್ ಕೊಟ್ಟಾಗಲೆಲ್ಲ ಮೊದಲ ಸಾಲಿನಲ್ಲಿ 'ಸರ್ವರ್: ಅನ್‌ನೋನ್' ಎಂದು ಬರುತ್ತದೆ. ಕೆಳಗೆ 'ನಾನ್ ಅಥಾರಿಟೇಟಿವ್ ಆನ್ಸರ್' ಅಂತಲೂ ಇದೆ. ವೈರಸ್ ಏನಾದರೂ ಸೇರಿದೆಯಾ? (ತಿಪಟೂರಿನಿಂದ ಒಬ್ಬ ಶಿಕ್ಷಕಿ)

ಉತ್ತರ: ಇಲ್ಲ, ಹೆದರಬೇಡಿ. ನೀವು ಯಾವ ಡಿಎನ್‌ಎಸ್ ಅನ್ನು ಕೇಳುತ್ತಿದ್ದೀರೋ ಅದರ ಐಪಿಗೆ ಯಾರೂ ಹೆಸರು ಬರೆದಿಟ್ಟಿಲ್ಲ, ಅಷ್ಟೇ ಅದರ ಅರ್ಥ. ಎರಡನೆಯದರ ಅರ್ಥ, ಈ ಉತ್ತರ ಮೂಲ ದಾಖಲೆ ಇರುವ ಸರ್ವರ್‌ನಿಂದ ನೇರವಾಗಿ ಬಂದಿಲ್ಲ, ಮಧ್ಯದವರು ಕೇಳಿ ತಂದು ಹೇಳಿದ್ದು ಎಂದು. ಸಾಮಾನ್ಯವಾಗಿ ಎಲ್ಲರಿಗೂ ಹಾಗೇ ಬರುತ್ತದೆ.

ನೀವು ಗಮನಿಸಬೇಕಾದ ಸಂದೇಶಗಳು ಬೇರೆ. 'ಟೈಮ್ಡ್ ಔಟ್' ಎಂದರೆ ಡಿಎನ್‌ಎಸ್ ಸರ್ವರ್ ಉತ್ತರವನ್ನೇ ಕೊಡಲಿಲ್ಲ: ದಾರಿ ಕಟ್ಟಾಗಿದೆ, ಅಥವಾ ಡಿಎನ್‌ಎಸ್‌ನ ಬಾಗಿಲಾದ 53ನೇ ಪೋರ್ಟ್ ಅನ್ನು ಯಾರೋ ತಡೆದಿದ್ದಾರೆ. 'ನಾನ್ ಎಕ್ಸಿಸ್ಟೆಂಟ್ ಡೊಮೇನ್' ಎಂದರೆ ಉತ್ತರ ಬಂದಿದೆ, ಆ ಹೆಸರು ಇಲ್ಲ ಎನ್ನುವುದೇ ಉತ್ತರ. ಈ ಎರಡನ್ನೂ ಸುಮ್ನೆ 'ಡಿಎನ್‌ಎಸ್ ಪ್ರಾಬ್ಲಂ' ಎಂದು ಒಂದೇ ಮಾಡಿ ಹೇಳಬೇಡಿ, ರಿಪೇರಿಗೆ ಬರುವವರಿಗೆ ಅಕ್ಷರಶಃ ಓದಿ ಹೇಳಿ. ಇನ್ನೊಂದು ಮಾತು: ಹೆಸರು ಕೊಡುವಾಗ ಕೊನೆಯಲ್ಲಿ ಒಂದು ಚುಕ್ಕಿ ಇಡಿ. ಇಲ್ಲದಿದ್ದರೆ ನಿಮ್ಮ ಶಾಲೆಯ ಡೊಮೇನ್ ಹೆಸರನ್ನು ಕಂಪ್ಯೂಟರ್ ತಾನಾಗಿಯೇ ಹಿಂದೆ ಅಂಟಿಸಿ ಕೇಳುವುದುಂಟು.

ಪ್ರಶ್ನೆ: ಗದಗದಲ್ಲಿ ನನ್ನದು ಪ್ರಿಂಟಿಂಗ್ ಪ್ರೆಸ್. ಸ್ವಂತ ಡೊಮೇನ್ ಇದೆ. ಮೇಲ್ ಅನ್ನು ಹಳೆಯ ಹೋಸ್ಟಿಂಗ್ ಕಂಪನಿಯಿಂದ ಹೊಸದಕ್ಕೆ ಬದಲಾಯಿಸಿದೆ. ಕೆಲವು ಗಿರಾಕಿಗಳ ಆರ್ಡರ್ ಹೊಸದಕ್ಕೆ ಬರುತ್ತಿವೆ, ಕೆಲವರದ್ದು ಇನ್ನೂ ಹಳೆಯ ಇನ್‌ಬಾಕ್ಸ್‌ಗೇ ಹೋಗುತ್ತಿವೆ. ಯಾರ ತಪ್ಪು?

ಉತ್ತರ: ಇಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ. ಹಾವೇರಿಯವರ ಔಟ್‌ಲುಕ್ 'ಈ ಸರ್ವರ್ ಎಲ್ಲಿದೆ' ಎಂದು ಕೇಳುತ್ತದೆ. ನಿಮ್ಮ ಗಿರಾಕಿಯ ಮೇಲ್ ಸರ್ವರ್ 'ಈ ಡೊಮೇನಿನ ಮೇಲ್ ಯಾರಿಗೆ ಕೊಡಬೇಕು' ಎಂದು ಕೇಳುತ್ತದೆ. ಅದಕ್ಕೆ ಉತ್ತರ ಇರುವುದು ಎಂಎಕ್ಸ್ ದಾಖಲೆಯಲ್ಲಿ, 1986ರಿಂದ ನಡೆದುಬಂದ ಪದ್ಧತಿ ಅದು. ಎನ್‌ಎಸ್‌ಲುಕಪ್ ಒಂದನ್ನೇ ಕೊಟ್ಟು ಒಳಗೆ ಹೋಗಿ, ಸೆಟ್ ಟೈಪ್ ಈಕ್ವಲ್ ಎಂಎಕ್ಸ್ ಎಂದು ಬರೆದು, ನಿಮ್ಮ ಡೊಮೇನ್ ಹೆಸರು ಕೊಡಿ. ಮುಂದೆ ಮೇಲ್ ಎಂದೆಲ್ಲ ಸೇರಿಸದೆ, ವಿಳಾಸದಲ್ಲಿ ಅಟ್ ಚಿಹ್ನೆಯ ಬಲಕ್ಕೆ ಇರುವಷ್ಟನ್ನೇ ಕೊಡಬೇಕು.

ಪ್ರತಿ ಸರ್ವರ್ ಹೆಸರಿನ ಜೊತೆ ಒಂದು ಸಂಖ್ಯೆ ಬರುತ್ತದೆ. ಚಿಕ್ಕ ಸಂಖ್ಯೆಯವರಿಗೆ ಮೊದಲ ಹಕ್ಕು. ಹೊಸದಕ್ಕೆ 10 ಇದ್ದು ಹಳೆಯದು 20 ಹೊತ್ತುಕೊಂಡು ಇನ್ನೂ ಪಟ್ಟಿಯಲ್ಲಿದ್ದರೆ, ಹೊಸದು ಸ್ವಲ್ಪ ಬಿಡುವಿಲ್ಲದಿದ್ದಾಗ ಮೇಲ್ ಹಳೆಯದಕ್ಕೆ ಹೋಗುತ್ತದೆ. ಹಳೆಯದನ್ನು ಅಳಿಸಿಸಿ. ಬಂದ ಸರ್ವರ್ ಹೆಸರನ್ನು ಸೆಟ್ ಟೈಪ್ ಈಕ್ವಲ್ ಎ ಎಂದು ಮಾಡಿ ಇನ್ನೊಮ್ಮೆ ಕೇಳಿ, ಅದಕ್ಕೆ ಐಪಿ ಸಿಗಬೇಕು. ಎಂಎಕ್ಸ್ ಜಾಗದಲ್ಲಿ ನೇರವಾಗಿ ಐಪಿ ಬರೆಯುವಂತಿಲ್ಲ, ಇನ್ನೊಂದು ಹೆಸರಿಗೆ ತೋರಿಸುವ ಸಿನೇಮ್ ಕೂಡ ಅಲ್ಲಿ ಸಲ್ಲದು.

ಪಟ್ಟಿ ಸರಿಯಿದ್ದರೂ ಹಳೆಯದಕ್ಕೆ ಹೋಗುತ್ತಿದ್ದರೆ ಟಿಟಿಎಲ್ ನೋಡಬೇಕು. ಕೇಳಿದವರು ಉತ್ತರವನ್ನು ಎಷ್ಟು ಸೆಕೆಂಡ್ ನೆನಪಿಟ್ಟುಕೊಳ್ಳಬಹುದು ಎಂಬ ಲೆಕ್ಕ ಅದು. 86400 ಇದ್ದರೆ ಪೂರ್ತಿ ಒಂದು ದಿನ. ಇನ್ನೊಮ್ಮೆ ಬದಲಾಯಿಸುವಾಗ ಎರಡು ದಿನ ಮೊದಲೇ ಅದನ್ನು 300ಕ್ಕೆ ಇಳಿಸಿಡಿ. 'ಇಲ್ಲ' ಎನ್ನುವ ಉತ್ತರವನ್ನೂ ನೆನಪಿಟ್ಟುಕೊಳ್ಳುತ್ತವೆ. ಹಾಗಾಗಿ ಹೊಸ ಹೆಸರು ಬರೆಯುವ ಮೊದಲೇ ಬಂತಾ ಬಂತಾ ಎಂದು ಕೇಳಿ ನೋಡಬೇಡಿ. ಬರೆದು ಆದಮೇಲೆ ಕೇಳಿ.

ಆದರೆ ನಿಮ್ಮ ಕಾಗದ ಓದಿದರೆ ನನಗೆ ಬೇರೆ ಅನುಮಾನ. ಹಳೆಯದಕ್ಕೇ ಹೋಗುತ್ತಿರುವ ಗಿರಾಕಿಗಳ ಮೇಲ್ ಕೂಡ ಆ ಹಳೆಯ ಹೋಸ್ಟಿಂಗ್ ಕಂಪನಿಯಲ್ಲೇ ಇದೆಯಾ ವಿಚಾರಿಸಿ. ಒಂದೇ ಊರಿನವರು ಒಬ್ಬರ ಮಾತು ಕೇಳಿ ಇನ್ನೊಬ್ಬರು ಅದೇ ಕಂಪನಿಗೆ ಹೋಗಿರುವುದು ಜಾಸ್ತಿ. ಆ ಕಂಪನಿಯ ಸರ್ವರ್‌ನಲ್ಲಿ ನಿಮ್ಮ ಡೊಮೇನ್ ಇನ್ನೂ ತನ್ನದೇ ಎಂದು ಬರೆದಿದ್ದರೆ, ಅದು ಡಿಎನ್‌ಎಸ್ ಅನ್ನು ಕೇಳುವುದೇ ಇಲ್ಲ. ಒಳಗಿಂದೊಳಗೇ ಹಳೆಯ ಇನ್‌ಬಾಕ್ಸ್‌ಗೆ ಹಾಕಿಬಿಡುತ್ತದೆ. ನೀವು ಗದಗದಲ್ಲಿ ಕೂತು ಎಷ್ಟು ಸಲ ಎನ್‌ಎಸ್‌ಲುಕಪ್ ಕೊಟ್ಟರೂ ಉತ್ತರ ಸರಿಯಾಗಿಯೇ ಕಾಣುತ್ತದೆ. ನಿಮ್ಮ ಡೊಮೇನ್ ಅನ್ನು ಅವರ ಮೇಲ್ ಸರ್ವರ್‌ನಿಂದ ತೆಗೆಯಿರಿ ಎಂದು ಬರವಣಿಗೆಯಲ್ಲಿ ಕೇಳಿ. ಅದಕ್ಕೆ ಮೊದಲು ಹಳೆಯ ಇನ್‌ಬಾಕ್ಸ್‌ನಲ್ಲಿರುವ ಆರ್ಡರ್‌ಗಳನ್ನೆಲ್ಲ ಇಳಿಸಿಕೊಳ್ಳಿ, ಡೊಮೇನ್ ತೆಗೆದರೆ ಅವೂ ಹೋಗಬಹುದು.

ಪ್ರಶ್ನೆ: ನಮ್ಮ ಸರ್ವರ್‌ನಿಂದ ಜಿಮೇಲ್‌ಗೆ ಕಳಿಸಿದ್ದೆಲ್ಲ ವಾಪಸ್ ಬರುತ್ತಿದೆ. ಪಿಟಿಆರ್ ಇಲ್ಲ ಎನ್ನುತ್ತದೆ. ಡೊಮೇನ್ ಮಾರಿದವರು 'ನಮ್ಮ ಕೈಯಲ್ಲಿಲ್ಲ' ಎನ್ನುತ್ತಾರೆ. (ಪುತ್ತೂರು)

ಉತ್ತರ: ಅವರು ಹೇಳುವುದು ನಿಜ. ಪಿಟಿಆರ್ ಎಂದರೆ ಉಲ್ಟಾ ದಾಖಲೆ, ಐಪಿ ಕೊಟ್ಟರೆ ಹೆಸರು ಹೇಳುವುದು. ಅದನ್ನು ಬರೆಯುವ ಹಕ್ಕು ಐಪಿ ಕೊಟ್ಟವರಿಗೆ, ಅಂದರೆ ನಿಮ್ಮ ಇಂಟರ್‌ನೆಟ್ ಕಂಪನಿಗೆ. ಎನ್‌ಎಸ್‌ಲುಕಪ್‌ಗೆ ನಿಮ್ಮ ಹೊರಗಿನ ಐಪಿ ಕೊಡಿ. ಬಂದ ಹೆಸರನ್ನು ಮತ್ತೆ ಎನ್‌ಎಸ್‌ಲುಕಪ್‌ಗೆ ಕೊಡಿ. ತಿರುಗಿ ಅದೇ ಐಪಿಗೆ ಬಂದು ನಿಲ್ಲಬೇಕು. 2024ರ ಫೆಬ್ರುವರಿಯಿಂದ ಜಿಮೇಲ್ ತನಗೆ ಮೇಲ್ ಕಳಿಸುವವರ ನಿಯಮಗಳಲ್ಲೇ ಇದನ್ನು ಸೇರಿಸಿದೆ. ಐಪಿ ದಿನಕ್ಕೊಂದು ಬದಲಾಗುವ ಮನೆಯ ಕನೆಕ್ಷನ್ ಆಗಿದ್ದರೆ ಪಿಟಿಆರ್ ಸಿಗುವುದು ಕಷ್ಟ. ಸ್ಥಿರ ಐಪಿ ತೆಗೆದುಕೊಳ್ಳಿ.

ಪ್ರಶ್ನೆ: ಆಫೀಸ್ ವೈಫೈಯಲ್ಲಿ ಎಲ್ಲರ ಫೋನಿಗೂ ಮೇಲ್ ಬರುತ್ತದೆ, ನನ್ನ ಆಂಡ್ರಾಯ್ಡ್‌ಗೆ ಮಾತ್ರ ಬರುವುದಿಲ್ಲ. ಬ್ರೌಸರ್ ಚೆನ್ನಾಗಿ ನಡೆಯುತ್ತದೆ. (ಹೊಸಪೇಟೆ)

ಉತ್ತರ: ಸೆಟ್ಟಿಂಗ್ಸ್‌ನಲ್ಲಿ 'ಪ್ರೈವೇಟ್ ಡಿಎನ್‌ಎಸ್' ಹುಡುಕಿ. 2018ರ ಆಂಡ್ರಾಯ್ಡ್ 9ರಿಂದ ಇದೆ. ಜಾಹೀರಾತು ತಡೆಯಲು ಅಲ್ಲಿ ಯಾವುದೋ ಹೆಸರು ಹಾಕಿದ್ದರೆ, ನಿಮ್ಮ ಫೋನ್ ಆಫೀಸಿನ ಡಿಎನ್‌ಎಸ್ ಅನ್ನು ಬಿಟ್ಟು ಹೊರಗಿನವರನ್ನೇ ಕೇಳುತ್ತದೆ. ಹೊರಗಿನವರಿಗೆ ನಿಮ್ಮ ಆಫೀಸಿನೊಳಗಿನ ಹೆಸರು ಗೊತ್ತಿಲ್ಲ. 'ಆಟೊಮ್ಯಾಟಿಕ್'ಗೆ ಬದಲಾಯಿಸಿ ನೋಡಿ.

ಪ್ರಶ್ನೆ: ಡಾಟ್ ಭಾರತ ಎಂದು ಕೊನೆಯಾಗುವ ಕನ್ನಡ ಲಿಪಿಯ ಡೊಮೇನ್ ತೆಗೆದುಕೊಂಡು, ಇ-ಮೇಲ್ ವಿಳಾಸವನ್ನೂ ಕನ್ನಡದಲ್ಲೇ ಇಡಬೇಕೆಂಬ ಆಸೆ. ಇದನ್ನೂ ಹೀಗೇ ಪರೀಕ್ಷೆ ಮಾಡಬಹುದಾ? (ಮಸ್ಕತ್‌ನಿಂದ ಒಬ್ಬ ಓದುಗರು)

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು. ಮಾಡಬಹುದು, ಎರಡು ಹಂತದಲ್ಲಿ. ಡಿಎನ್‌ಎಸ್ ಒಳಗೆ ಕನ್ನಡ ಅಕ್ಷರಗಳು ನೇರವಾಗಿ ಕೂರುವುದಿಲ್ಲ. ಪ್ರತಿ ಭಾಗವೂ ಎಕ್ಸ್‌ಎನ್ ಮತ್ತು ಎರಡು ಅಡ್ಡಗೆರೆಯಿಂದ ಶುರುವಾಗುವ ಇಂಗ್ಲಿಷ್ ಅಕ್ಷರಗಳ ಸರಣಿಯಾಗಿ ಬದಲಾಗುತ್ತದೆ. ಪ್ಯುನಿಕೋಡ್ ಎನ್ನುವ ಈ ವಿಧಾನ 2003ರಿಂದ ಇದೆ. ಡೊಮೇನ್ ಕೊಟ್ಟವರು ಆ ರೂಪವನ್ನೂ ಬರೆದುಕೊಡುತ್ತಾರೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಕನ್ನಡ ಸರಿಯಾಗಿ ಮೂಡದೇ ಇರಬಹುದು. ಹಾಗಾಗಿ ಆ ಎಕ್ಸ್‌ಎನ್ ರೂಪವನ್ನೇ ಕೊಟ್ಟು ಎಂಎಕ್ಸ್ ಕೇಳಿ.

ಅಟ್ ಚಿಹ್ನೆಯ ಎಡಕ್ಕಿರುವ ಕನ್ನಡಕ್ಕೂ ಡಿಎನ್‌ಎಸ್‌ಗೂ ಸಂಬಂಧವಿಲ್ಲ. ಅದನ್ನು ಎರಡೂ ಕಡೆಯ ಮೇಲ್ ಸರ್ವರ್‌ಗಳು ಒಪ್ಪಬೇಕು. ಸರ್ವರ್‌ಗಳು ಒಂದಕ್ಕೊಂದು ಮೇಲ್ ಕೊಡುವ ಬಾಗಿಲಾದ 25ನೇ ಪೋರ್ಟ್‌ಗೆ ಟೆಲ್‌ನೆಟ್ ಎಂಬ ಕಮಾಂಡ್‌ನಿಂದ ಸಂಪರ್ಕ ಮಾಡಿ, ಇಎಚ್‌ಎಲ್‌ಒ ಎಂದು ಬರೆದು ನಿಮ್ಮ ಕಂಪ್ಯೂಟರ್ ಹೆಸರು ಕೊಟ್ಟರೆ ಅದು ತನಗೆ ಏನೇನು ಬರುತ್ತದೆ ಎಂದು ಪಟ್ಟಿ ಹೇಳುತ್ತದೆ. ಅದರಲ್ಲಿ ಎಸ್‌ಎಂಟಿಪಿಯುಟಿಎಫ್8 ಇರಬೇಕು, ಕನ್ನಡದಂಥ ಲಿಪಿಯ ವಿಳಾಸ ಒಪ್ಪುತ್ತೇನೆ ಎನ್ನುವ ಗುರುತು ಅದು. ಜಿಮೇಲ್ 2014ರಿಂದಲೇ ಇಂಥ ವಿಳಾಸಗಳಿಗೆ ಮೇಲ್ ಕಳಿಸುತ್ತದೆ, ಅವುಗಳಿಂದ ತೆಗೆದುಕೊಳ್ಳುತ್ತದೆ. ಮನೆಯ ಕನೆಕ್ಷನ್‌ಗಳಲ್ಲಿ 25ನೇ ಪೋರ್ಟ್ ಮುಚ್ಚಿರುವುದು ಸಾಮಾನ್ಯ, ಮಸ್ಕತ್‌ನ ಮನೆಯಿಂದ ಉತ್ತರ ಬರದಿದ್ದರೆ ಸರ್ವರ್ ಮೇಲೇ ಗೂಬೆ ಕೂರಿಸಬೇಡಿ. ಹೋಸ್ಟಿಂಗ್‌ನವರಿಗೆ ಹೇಳಿ, ಅವರ ಕಡೆಯಿಂದ ಇದೇ ಪರೀಕ್ಷೆ ಮಾಡಿಸಿ, ಬಂದ ಪಟ್ಟಿಯನ್ನು ಹಾಗೇ ಕಳಿಸಲು ಕೇಳಿ. ಹಣ ಕಟ್ಟುವ ಮೊದಲೇ ಕೇಳಿ.